ಜಪಾನಿ ಕುಡಿಕೆಗೆ ಅತ್ತಿಯ ಕುಬಸ

ಡಚ್ಚರ ದೇಶದ ಆಮರ್ಸ್‌ಫೋರ್ಟಿನ ಹಳೇ ಊರಿನಲ್ಲಿ, ಕಾಲುವೆಯ ಪಕ್ಕದ ಒಂದು ಅಂಗಡಿಯಲ್ಲಿ ನಾನು ಹದಿನಾಲ್ಕು ತಿಂಗಳು ಸಂಚಿ ಹೊಲಿದೆ. ಜಪಾನಿನ ಹಳೆಯ ಟೀ ಕುಡಿಕೆಗಳನ್ನು ಇಡುವ ರೇಷ್ಮೆಯ ಸಂಚಿ. ಆ ಕೆಲಸವನ್ನು ಇಷ್ಟಪಟ್ಟೇ ಮಾಡಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇಷ್ಟವಿಲ್ಲದೆ ಮಾಡಿದ್ದರೆ ಇವತ್ತು ನೆನಪಾದಾಗ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ.

ಗಂಡನಿಗೆ ರಾಜಧಾನಿಯ ಜೈಡಾಸ್‌ನ ಒಂದು ಬ್ಯಾಂಕಿನ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಏಳರ ರೈಲು ಹಿಡಿದರೆ ಬರುವುದು ಸಂಜೆಯೇ. ಮಗಳು ಶಾಲೆಗೆ ಹೋದಮೇಲೆ ಮನೆಯಲ್ಲಿ ನಾನು ಮತ್ತು ನನ್ನ ಹೊಲಿಗೆ ಮಷೀನು. ಇಲ್ಲಿ ಅಂಗಡಿಯಲ್ಲಿ ಸಿಗುವ ಪ್ಯಾಂಟುಗಳು ನಮ್ಮವರಿಗೆ ಒಂದು ಗೇಣು ಉದ್ದ. ಬೆಂಗಳೂರು, ಮೈಸೂರಿನಿಂದ ಬಂದ ಹುಡುಗರು ಅವನ್ನು ತಂದುಕೊಡುತ್ತಿದ್ದರು, ನಾನು ಕತ್ತರಿಸಿ ಅಂಚು ಮಡಿಸಿ ಕೊಡುತ್ತಿದ್ದೆ. ಹೆಂಗಸರದು ಬ್ಲೌಸು, ಫಾಲು. ಕೈಹೊಲಿಗೆಯನ್ನು ಮಾತ್ರ ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ. ಅದನ್ನು ನನಗೆ ಕಲಿಸಿದ್ದು ನಮ್ಮ ಅತ್ತಿ, ಅಪ್ಪನ ಅಕ್ಕ. ಗುಳೇದಗುಡ್ಡದಲ್ಲಿ ನಲವತ್ತು ವರ್ಷ ಊರ ಹೆಂಗಸರಿಗೆಲ್ಲ ಕುಬಸ, ಅಂದರೆ ರವಿಕೆ, ಹೊಲಿದವಳು. ದಾರ ಮೇಲೆ ಕಂಡರೆ ಕೈಮೇಲೆ ಹೊಡೆಯುತ್ತಿದ್ದಳು.

ಒಂದು ದಿನ ಆ ಅಂಗಡಿಯ ಗಾಜಿನ ಹಿಂದೆ ಹರಿದ ಸಂಚಿಯೊಂದನ್ನು ಕಂಡು ನಿಂತೆ. ಕುಂಕುಮದ ಭರಣಿಗಿಂತ ಸ್ವಲ್ಪ ದೊಡ್ಡದಾದ ಕಂದು ಕುಡಿಕೆಯೊಂದು ಅದರಲ್ಲಿ ಅರ್ಧ ಕುಳಿತಿತ್ತು. ಬಾಯಿಗೆ ಲಾಡಿ, ಒಳಗೆ ಅಸ್ತರು. ಎಲೆಅಡಿಕೆ ಸಂಚಿಯ ಹಾಗೇ ಇದೆಯಲ್ಲ ಅನ್ನಿಸಿ ಒಳಗೆ ಹೋದೆ. ಅಂಗಡಿಯವನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಎತ್ತರದ ಆಳು, ಬಿಳಿ ಹುಬ್ಬು, ಮೊಣಕೈಗೆ ಚರ್ಮದ ತೇಪೆ ಹಾಕಿದ ಉಣ್ಣೆಯ ಕೋಟು. ನನ್ನ ಡಚ್ಚು ಕಲಿಯುವವರ ಡಚ್ಚು. ಅವನು ಇಂಗ್ಲಿಷಿಗೆ ಬದಲಾಯಿಸಿಕೊಂಡ.

"ಇದನ್ನ ರಿಪೇರಿ ಮಾಡಬಹುದು," ಎಂದೆ.

"ಯಾರೂ ಮಾಡಲ್ಲ. ಮಾಡುವವರು ಜಪಾನಿನಲ್ಲಿ ನಾಲ್ಕು ಜನ ಇರಬಹುದು," ಎಂದ.

"ನಾನು ಮಾಡ್ತೀನಿ. ಕೆಟ್ಟರೆ ನೀವು ನನ್ನನ್ನ ಬೈಯಿರಿ."

ಕೆಡಲಿಲ್ಲ. ವಾರದ ಮೇಲೆ ತಂದುಕೊಟ್ಟಾಗ ಅವನು ಭೂತಗನ್ನಡಿ ಹಿಡಿದು ಹೊಲಿಗೆ ಹುಡುಕಿದ, ಸಿಗಲಿಲ್ಲ. "ಮೋಯ್, ಮೋಯ್," ಎಂದು ತನಗೇ ಹೇಳಿಕೊಂಡ. ಚೆಂದ ಅನ್ನುವುದಕ್ಕೆ ಡಚ್ಚರ ಮಾತು ಅದು. ಅಂದಿನಿಂದ ವಾರಕ್ಕೆ ಮೂರು ದಿನ ಅಂಗಡಿಯ ಹಿಂದಿನ ಕೋಣೆ ನನ್ನದಾಯಿತು.

ಮೊದಲ ತಿಂಗಳುಗಳಲ್ಲಿ ಅವನು ಎಷ್ಟೆಲ್ಲ ಕಲಿಸಿದ! ಕುಡಿಕೆಯ ಮೈಮೇಲೆ ಹೊಳಪು ಇಳಿದು ಬಂದು ಪಾದ ಮುಟ್ಟುವ ಮೊದಲೇ ನಿಂತುಬಿಟ್ಟಿರುವುದನ್ನು ತೋರಿಸಿದ. ಕುಂಬಾರನ ತಿಗರಿಯಿಂದ ದಾರದಲ್ಲಿ ಕೊಯ್ದಾಗ ತಳದಲ್ಲಿ ಮೂಡಿದ ಸುತ್ತುಗೆರೆಯನ್ನು ಬೆರಳಿನಿಂದ ಮುಟ್ಟಿಸಿದ. ಟೀ ಎಲೆಯನ್ನು ಹಿಟ್ಟಿನ ಹಾಗೆ ಬೀಸಿದ ಹಸಿರು ಪುಡಿಯನ್ನು ಇದರಲ್ಲಿ ತುಂಬುತ್ತಾರಂತೆ. ಮೇಲೆ ದಂತದ ಮುಚ್ಚಳ, ಮುಚ್ಚಳದ ಒಳಮೈಗೆ ಚಿನ್ನದ ರೇಕು. ಕುಡಿಕೆಗೆ ಸಂಚಿ, ಸಂಚಿಗೆ ಮರದ ಪೆಟ್ಟಿಗೆ, ಆ ಪೆಟ್ಟಿಗೆಗೆ ಇನ್ನೊಂದು ಪೆಟ್ಟಿಗೆ, ಅದರ ಮೇಲೆ ಟೀ ಕುಡಿಸುವ ಶಾಸ್ತ್ರ ಕಲಿಸುವ ಯಾವುದೋ ಟೀ ಗುರುವಿನ ಕೈಬರಹ. ಕುಡಿಕೆ ಒಂದೇ ಆದರೂ ಅದಕ್ಕೆ ಮೂರು ನಾಲ್ಕು ಸಂಚಿ ಇರುತ್ತಿದ್ದವು. ತೊಡಿಸದೆ ಇಟ್ಟ ಸಂಚಿ ಮುದುಡಬಾರದೆಂದು ಅದರೊಳಗೆ ಕುಡಿಕೆಯದೇ ಅಳತೆಯ ಮರದ ಬೊಂಬೆ.

"ಸಂಚಿ, ಮುಚ್ಚಳ, ಪೆಟ್ಟಿಗೆ ಎಲ್ಲ ಒಟ್ಟಿಗಿದ್ದರೆ ಅದು ಒಂದು ಮನೆತನ. ಒಂಟಿ ಕುಡಿಕೆ ಅಂದರೆ ಬರೀ ಮಣ್ಣು," ಎನ್ನುತ್ತಿದ್ದ.

ಎಂಥ ಮಾತು ಎಂದು ನನಗೆ ಆಗ ಮೆಚ್ಚುಗೆಯಾಗಿತ್ತು.

ಒಂದೇ ಒಂದು ಅಭ್ಯಾಸ ಮಾತ್ರ ಮೊದಲಿನಿಂದಲೂ ಸಹಿಸಲಾಗುತ್ತಿರಲಿಲ್ಲ. ದಂತದ ಮುಚ್ಚಳ ಮಂಕಾಗಿದೆ ಅನ್ನಿಸಿದರೆ ಅದನ್ನು ಮೂಗಿನ ಪಕ್ಕದಲ್ಲಿ ತಿಕ್ಕಿಕೊಳ್ಳುತ್ತಿದ್ದ. ಮೂಗಿನ ಜಿಡ್ಡಿನಿಂದ ಹೊಳಪು ಬರುತ್ತದಂತೆ. ತಿಕ್ಕಿ, ಬೆಳಕಿಗೆ ಹಿಡಿದು, ಮತ್ತೆ ತಿಕ್ಕಿ, ನನ್ನ ಕೈಗೆ ಕೊಡುತ್ತಿದ್ದ. ನಾನು ದಾರ ಹುಡುಕುವ ನೆಪದಲ್ಲಿ ಮೇಜಿನ ಮೇಲೆ ಇಡಿಸಿಕೊಳ್ಳುತ್ತಿದ್ದೆ.

ಅವನ ಹತ್ತಿರ ಸಂಚಿಯಿಲ್ಲದ ಕುಡಿಕೆಗಳು ಬಹಳ ಇದ್ದವು. ಒಂದು ಮಧ್ಯಾಹ್ನ ಕೇಳಿದ:

"ನಿಮ್ಮ ದೇಶದ ಹಳೇ ಬಟ್ಟೆ ಇದೆಯಾ? ನಮ್ಮ ಹಡಗುಗಳು ನಿಮ್ಮ ಕಡೆಯ ಬಟ್ಟೆಯನ್ನ ಜಪಾನಿಗೆ ತಗೊಂಡು ಹೋಗ್ತಿದ್ದವು. ಅಲ್ಲಿನ ಟೀ ಗುರುಗಳು ಅದಕ್ಕೆ ಪ್ರಾಣ ಬಿಡ್ತಿದ್ದರು. ಒಂದು ಗೇಣು ಸಿಕ್ಕರೂ ಸಂಚಿ ಮಾಡಿಸ್ತಿದ್ದರು."

ನನಗೆ ಎದೆ ಉಬ್ಬಿತು. ಮನೆಗೆ ಬಂದು ಟ್ರಂಕು ತೆಗೆದೆ. ತಳದಲ್ಲಿ ಅತ್ತಿಯ ಖಣದ ಕುಬಸವೊಂದಿತ್ತು. ನಮ್ಮೂರಿನ ಮಗ್ಗದ ಖಣ, ಮೈತುಂಬ ಅಕ್ಕಿಕಾಳಿನಷ್ಟು ಸಣ್ಣ ಬುಟ್ಟಾ, ಹಾಗಲಕಾಯಿ ಬಣ್ಣದ ಅಂಚು. ಅತ್ತಿಗೆ ಮದುವೆಯಲ್ಲಿ ಉಡಿ ತುಂಬಿದ ಖಣ ಅದು. ಅದನ್ನೇ ಕುಬಸ ಮಾಡಿಕೊಂಡು ಅವಳು ಎಷ್ಟೋ ವರ್ಷ ಹಬ್ಬಕ್ಕೆ, ಮದುವೆಗೆ ತೊಟ್ಟಿದ್ದಳು. ನಾನು ಇಲ್ಲಿಗೆ ಹೊರಟಾಗ, "ನನಗೀಗ ಬಿಗಿ ಆಗತೈತಿ, ಬಿಚ್ಚಿ ಏನರ ಹೊಲಕೋ," ಎಂದು ಕೊಟ್ಟಿದ್ದಳು. ಅತ್ತಿಯ ಖಣ ಅಂಥ ಕುಡಿಕೆಯ ಮೈಮೇಲೆ ಕೂರುವುದು ಅವಳಿಗೂ ಒಂದು ಮರ್ಯಾದೆ ಅನ್ನಿಸಿತು.

ಬಿಚ್ಚಿದ ತುಂಡುಗಳನ್ನು ಅಂಗಡಿಯವನು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಬೆನ್ನಿನ ಭಾಗ ಚೆನ್ನಾಗಿತ್ತು. ಕಂಕುಳ ಹತ್ತಿರ ಬೆವರು ಕುಡಿದು ಕುಡಿದು ಕೆಂಪು ಬಣ್ಣ ಕಂದಾಗಿ, ಅಂಚು ಹಿಡಿದ ಹಾಗೆ ಅಲೆಅಲೆಯಾದ ಕಲೆ. ನಾನು ಬೆನ್ನನ್ನು ಬಳಸಿ ಅದನ್ನು ಬಿಡೋಣ ಎಂದೆ.

"ಇಲ್ಲ. ಇದೇ ಮುಂದೆ ಬರಲಿ," ಎಂದು ಕಲೆಯ ಮೇಲೆ ಬೆರಳಿಟ್ಟ.

"ಅದು ಬೆವರು."

"ಹಳೇದಾಗಿ ಕಾಣ್ತದೆ. ಕುಡಿಕೆ ಹಳೇದು, ಸಂಚಿ ಹೊಸದಾಗಿ ಕಂಡರೆ ಕಣ್ಣಿಗೆ ಚುಚ್ಚುತ್ತೆ. ಹೊಲಿದ ಮೇಲೆ ಟೀ ಡಿಕಾಕ್ಷನ್ನಿನಲ್ಲಿ ಒಂದು ಸಲ ಅದ್ದಿ."

ಬಣ್ಣ ಹೊಂದಿಸಲು ಹೇಳುತ್ತಿದ್ದಾನೆ ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು. ಒಂಬತ್ತು ದಿನ ಕೂತು ಹೊಲಿದೆ. ಬಾಯಿಗೆ ಹನ್ನೆರಡು ಕುಣಿಕೆ, ಒಂದೊಂದೂ ಒಂದೇ ಅಳತೆ. ಮನೆಯ ಪಾತ್ರೆಯಲ್ಲಿ ಚಹಾಪುಡಿ ಕುದಿಸಿ ಅದ್ದಿದೆ. ಬಿಸಿ ತಾಗಿದ್ದೇ ಬಟ್ಟೆಯೊಳಗಿದ್ದ ಹಳೇ ಬೆವರೂ ಚಹಾದ ಒಗರೂ ಸೇರಿ ಅಡುಗೆಮನೆ ತುಂಬಾ ಎದ್ದಿತು. ಮಗಳು ಮೂಗು ಹಿಡಿದುಕೊಂಡು, "ಬಾಹ್! ಅಮ್ಮಾ, ಸ್ಟಿಂಕ್ಟ್!" ಎಂದು, ಛೀ ನಾರುತ್ತಿದೆ ಅನ್ನುವುದನ್ನು ಡಚ್ಚಿನಲ್ಲಿ ಕೂಗಿ ಕಿಟಕಿ ತೆಗೆದಳು.

ಮುಂದಿನ ಭಾನುವಾರ ಮಧ್ಯಾಹ್ನ ಕಡಲ ದಂಡೆಯ ನೂರ್ಡ್‌ವೈಕ್‌ನಿಂದ ಒಬ್ಬ ಗಿರಾಕಿ ಬರುವವನಿದ್ದ. ದೊಡ್ಡ ಕೆಲಸದಿಂದ ನಿವೃತ್ತನಾಗಿ ಟೀ ಸಾಮಾನು ಕೂಡಿಸುವ ಮನುಷ್ಯ, ಜೊತೆಗೆ ಹೆಂಡತಿ. ನಾನೂ ಇರಬೇಕು, ಆದರೆ ಮಾತಾಡುವುದು ಬೇಡ ಎಂದು ಅಂಗಡಿಯವನು ಹೇಳಿದ್ದ. ಕಾಫಿ ತಟ್ಟೆ ಹಿಡಿದು ಒಳಗೆ ಹೋದಾಗ ಮೇಜಿನ ಮೇಲೆ ಹೊರಪೆಟ್ಟಿಗೆ, ಒಳಪೆಟ್ಟಿಗೆ ಎರಡೂ ತೆರೆದಿದ್ದವು. ನನ್ನ ಸಂಚಿ ನಡುವೆ ಕೂತಿತ್ತು.

"ಮುನ್ನೂರು ವರ್ಷ," ಎನ್ನುತ್ತಿದ್ದ ಅಂಗಡಿಯವನು, ದೇವರ ಕೋಣೆಯಲ್ಲಿ ಮಾತಾಡುವವನ ಹಾಗೆ ದನಿ ತಗ್ಗಿಸಿ. "ಹಿಂದೂಸ್ತಾನದ ಬಟ್ಟೆ. ಹಡಗಿನಲ್ಲಿ ಹೋಗಿ, ಅಲ್ಲಿ ಸಂಚಿಯಾಗಿ, ಮತ್ತೆ ನಮ್ಮ ಕೈಗೆ ಬಂದಿದೆ. ಈ ಕಲೆ ನೋಡಿ. ತಲೆತಲಾಂತರದಿಂದ ಟೀ ಗುರುಗಳು ಹಿಡಿದ ಕೈಯ ಗುರುತು."

ಗಿರಾಕಿ ಎರಡೂ ಕೈಯಲ್ಲಿ ಸಂಚಿ ಎತ್ತಿಕೊಂಡ. ಕಣ್ಣು ಮುಚ್ಚಿದ. ಆಮೇಲೆ ಅದನ್ನು ಮುಖಕ್ಕೆ ತಂದು, ನಮ್ಮ ಅತ್ತಿಯ ಕಂಕುಳ ಕಲೆಗೆ ಮೂಗು ಒತ್ತಿ, ಎಳೆದು ಉಸಿರು ತೆಗೆದುಕೊಂಡ.

"ಗಂಧದ ವಾಸನೆ," ಎಂದ. "ಮತ್ತೆ ಏನೋ ಇದೆ. ದೇವಸ್ಥಾನದ್ದು." ಹೆಂಡತಿಗೂ ಕೊಟ್ಟ. ಅವಳೂ ಮೂಸಿ ತಲೆದೂಗಿದಳು.

ನಾನು ಏನು ಮಾಡಿದೆ? ಕಾಫಿ ಕೊಟ್ಟೆ. ಸಕ್ಕರೆ ಬೇಕೇ ಎಂದು ಕೇಳಿದೆ. ಖಾಲಿ ತಟ್ಟೆ ಹಿಡಿದು ಹಿಂದಿನ ಕೋಣೆಗೆ ಹೋಗಿ ಕೂತೆ.

ಅವರು ಪೆಟ್ಟಿಗೆ ಕಟ್ಟಿಸಿಕೊಂಡು ಹೋದಮೇಲೆ ಅಂಗಡಿಯವನಿಗೆ ಕೇಳಿದೆ, "ಯಾಕೆ ಸುಳ್ಳು ಹೇಳಿದಿರಿ?"

"ಹಿಂದೂಸ್ತಾನದ ಬಟ್ಟೆ ಅಲ್ಲವೇ ಅದು?"

"ಮುನ್ನೂರು ವರ್ಷ ಅಂದಿರಿ."

"ಕುಡಿಕೆಗೆ ಅಂದೆ. ಅವರು ಸಂಚಿಗೂ ಅಂದುಕೊಂಡರೆ ಅದು ಅವರ ಸಂತೋಷ." ಅವನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ನಾನು ಗಾಬರಿಯಾಗಿದ್ದೇನೆ, ಸಮಾಧಾನ ಮಾಡಬೇಕು ಎನ್ನುವವನ ಹಾಗೆ ಒಂದು ಡ್ರಾಯರು ಎಳೆದು ತೋರಿಸಿದ. ಒಳಗೆ ದಂತದ ಮುಚ್ಚಳಗಳು. ಸಣ್ಣವು ಒಂದು ಕಡೆ, ದೊಡ್ಡವು ಒಂದು ಕಡೆ, ಹಳದಿ ಕಟ್ಟಿ, ಕಿತ್ತಿಟ್ಟ ಹಲ್ಲುಗಳ ಹಾಗೆ. ಕೆಳಗಿನ ಡ್ರಾಯರಿನಲ್ಲಿ ಬರಹ ಇರುವ ಖಾಲಿ ಪೆಟ್ಟಿಗೆಗಳು. "ಎಲ್ಲರೂ ಹೀಗೇ ಹೊಂದಿಸ್ತಾರೆ. ಇವತ್ತಿನದರಲ್ಲಿ ಕುಡಿಕೆ ಒಂದು ಕಡೆಯದು, ಮುಚ್ಚಳ ಒಂದು ಕಡೆಯದು, ಪೆಟ್ಟಿಗೆ ಮೂರನೆಯದು. ನಿಮ್ಮ ಕೈಯಿಂದ ಒಂದಾಯಿತು. ನಿಮ್ಮ ಮನೆಯಲ್ಲಿ ಇನ್ನೂ ಇಂಥ ಬಟ್ಟೆ ಇರಬೇಕಲ್ಲ?"

ಒಂದು ಮನೆತನ ಅಂದಿದ್ದನಲ್ಲ, ಆ ಮನೆತನದ ಹುಟ್ಟು ಇದು. ಯಾರ್‍ಯಾರದೋ ಮನೆಯ ಸಾಮಾನನ್ನು ಅಗಲಿಸಿ, ಹಲ್ಲು ಒಂದು ಕಡೆ, ಮೈ ಒಂದು ಕಡೆ, ಚರ್ಮ ಒಂದು ಕಡೆ ಇಟ್ಟು, ಬೇಕಾದಾಗ ಬೇಕಾದವನಿಗೆ ಹೊಲಿದು ನಿಲ್ಲಿಸುವುದು. ಆ ಹೊಲಿಗೆ ನನ್ನದು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು ಮೈಸೂರಿನವನು, ಜಗಳ ಅಂದರೆ ಆಗದು.

"ಬಿಟ್ಹಾಕು. ಅದು ಅವನ ಬಿಸ್ನೆಸ್ಸು. ನೀನು ಸ್ಟಿಚಿಂಗ್ ಮಾಡಿದೀಯ, ಅಷ್ಟೇ."

"ಅತ್ತಿ ಕುಬಸ ಅದು. ಮೂಗಿಗೆ ಹಿಡಕೊಂಡು ಮೂಸಿದ, ನನ್ನ ಕಣ್ಣೆದುರಿಗೆ."

"ಸರಿ, ಗಲೀಜು, ಒಪ್ಕೋತೀನಿ. ಆದ್ರೆ ಈಗ ನಮ್ ಪರ್ಮಿಟ್ ರಿನ್ಯೂಅಲ್ ಇದೆ. ಕಂಪ್ಲೇಂಟು ಗಿಂಪ್ಲೇಂಟು ಅಂತ ಎಲ್ಲಿಗೂ ಹೋಗ್ಬೇಡ, ಪ್ಲೀಸ್."

ಎಂದವನೇ ಲ್ಯಾಪ್‌ಟಾಪ್ ತೆರೆದ. ಅವನ ಮೇಲೂ ಹೇಸಿಗೆಯಾಯಿತು. ಆದರೆ ಆ ಮಾತಿನ ಮರೆಯಲ್ಲಿ ನಿಲ್ಲಲು ನನಗೂ ಒಳಗೊಳಗೇ ಮನಸ್ಸಿತ್ತು. ಅದು ಗೊತ್ತಾಗಿ ಇನ್ನಷ್ಟು ಹೇಸಿಗೆಯಾಯಿತು.

ಶನಿವಾರ ಅತ್ತಿ ವಿಡಿಯೊ ಕಾಲ್‌ನಲ್ಲಿ ಬಂದಳು. ಮಾತಿನ ನಡುವೆ ತಾನಾಗಿಯೇ ಕೇಳಿದಳು, "ಆ ಕುಬಸಾ ಬಿಚ್ಚಿ ಏನ ಹೊಲದಿ?"

ಎಲ್ಲ ಹೇಳಿದೆ. ಅವಳು ಮೊದಲು ನಂಬಲಿಲ್ಲ. "ಮೂಸಿ ನೋಡಿದನ? ನನ್ನ ಬಗಲಾಗಿನ ಕಲಿನ? ಥೂ, ಅಂವಗ ಬ್ಯಾರೆ ಕೆಲಸಾ ಇಲ್ಲೇನ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಗಬೇಕು ಅಂದುಕೊಂಡೆ. ಅಷ್ಟರಲ್ಲಿ ಅವಳ ನಗು ನಿಂತಿತ್ತು.

"ಚಾದಾಗ ಯಾಕ ಅದ್ದಿದಿ?"

"ಹಳೇದಾಗಿ ಕಾಣಲಿ ಅಂತ ಅವರು ಹೇಳಿದ್ರು ಅತ್ತಿ. ಸಿಟ್ಟಾಗಬ್ಯಾಡ್ರಿ."

"ನನ್ನ ಉಡಿ ತುಂಬಿದ ಖಣಾ ಅದು. ನಲವತ್ತು ವರ್ಷ ಒಂದ ಹನಿ ಚಾ ಬೀಳಗೊಟ್ಟಿಲ್ಲ ನಾ ಅದರ ಮ್ಯಾಲ. ಅಂವಾ ಹೇಳಿದಾ ಅಂತ ಪಾತೇಲಿದಾಗ ಕುದಸಿದ್ಯಾ?" ಸೆರಗು ಸರಿಮಾಡಿಕೊಂಡಳು. "ಕೊಟ್ಟ ಮ್ಯಾಲ ಕೇಳಬಾರದು. ಆದರ ನಿನ್ನ ಕೈ ಹೆಂಗ ಬಂತವಾ?" ಎಂದು ಫೋನು ಇಟ್ಟಳು.

ಸುಳ್ಳು ಹೇಳಿದವನು, ಮೂಸಿದವನು ಅವಳ ಲೆಕ್ಕಕ್ಕೇ ಇರಲಿಲ್ಲ. ಬೇಜಾರಾದದ್ದು ನನ್ನ ಮೇಲೆ.

ಮುಂದಿನ ವಾರ ಅಂಗಡಿಯವನು, ನೂರ್ಡ್‌ವೈಕ್‌ನವರ ಸಂಚಿಯ ಲಾಡಿ ಸಿಕ್ಕಿಕೊಳ್ಳುತ್ತಿದೆಯಂತೆ, ಮನೆಗೇ ಹೋಗಿ ಸರಿಮಾಡಿ ಬನ್ನಿ ಎಂದ. ಸೂಜಿಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಲೈಡನ್ ತನಕ ರೈಲು, ಅಲ್ಲಿಂದ ಬಸ್ಸು. ಬಸ್ಸಿನಲ್ಲಿ ಕೂತು ಹೇಳಬೇಕಾದ್ದನ್ನು ಡಚ್ಚಿನಲ್ಲಿ ಜೋಡಿಸಿಕೊಂಡೆ. ಅತ್ತೆ ಅನ್ನುವುದಕ್ಕೆ ಪದ ಗೊತ್ತಿತ್ತು. ಕಂಕುಳಿಗೆ ಗೊತ್ತಿರಲಿಲ್ಲ, ಫೋನಿನಲ್ಲಿ ಹುಡುಕಿದೆ.

ಮರಳುದಿಬ್ಬಗಳ ಹತ್ತಿರದ ಮನೆ. ಹೆಂಡತಿ ಬಾಗಿಲು ತೆಗೆದು ಒಂದು ಲೋಟ ಕಾಫಿ, ಒಂದು ಬಿಸ್ಕತ್ತು ಕೊಟ್ಟಳು. ಗಿರಾಕಿ ಗಾಜಿನ ಬೀರುವಿನಿಂದ ಪೆಟ್ಟಿಗೆ ತೆಗೆದು, ಬಿಳಿ ಬಟ್ಟೆ ಹಾಸಿ, ಸಂಚಿ ಇಟ್ಟ. ಕೊಡುವ ಮೊದಲು ಮತ್ತೊಂದು ಸಲ ಮೂಗಿಗೆ ಹಿಡಿದ. ದಿನಾ ಬೆಳಿಗ್ಗೆ ಹೀಗೆ ಒಂದು ಸಲ ತೆಗೆದು ನೋಡುತ್ತೇನೆ, ಮನಸ್ಸು ಶಾಂತವಾಗುತ್ತದೆ ಎಂದ.

ಲಾಡಿ ಸರಿಮಾಡಲು ಐದು ನಿಮಿಷ ಸಾಕಾಯಿತು. ಸೂಜಿ ಡಬ್ಬಿಗೆ ಹಾಕಿ ಹೇಳಿದೆ:

"ಇದನ್ನ ಹೊಲಿದದ್ದು ನಾನು. ಈ ವರ್ಷ. ಬಟ್ಟೆ ನಮ್ಮ ಅತ್ತೆಯ ಬ್ಲೌಸು. ಈ ಕಲೆ ಅವರ ಕಂಕುಳ ಬೆವರು. ಅವರು ಇದ್ದಾರೆ, ಚೆನ್ನಾಗಿದ್ದಾರೆ, ಕರ್ನಾಟಕದಲ್ಲಿ."

ಅವನಿಗೆ ಕೂಡಲೇ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಮತ್ತೆ ಹೇಳಿದೆ. ಅತ್ತಿ ಆ ಕುಬಸ ತೊಟ್ಟುಕೊಂಡು ನಿಂತ ಹಳೇ ಫೋಟೊ ಫೋನಿನಲ್ಲಿತ್ತು, ತೋರಿಸಿದೆ. ಅವನು ಫೋಟೊ ನೋಡಿದ, ಸಂಚಿ ನೋಡಿದ. ಅದೇ ಬುಟ್ಟಾ, ಅದೇ ಅಂಚು. ಮೋಸಹೋದವರ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವನ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ತುಟಿ ಒಳಕ್ಕೆ ಎಳೆದುಕೊಂಡ. ಕೈಯನ್ನು ಮೈಯಿಂದ ದೂರ ಹಿಡಿದು ಎದ್ದು ಅಡುಗೆಮನೆಗೆ ಹೋದ. ತೆರೆದ ಬಾಗಿಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಸೋಪು ಹಚ್ಚಿ ಕೈ ತೊಳೆದ. ಇನ್ನೊಂದು ಸಲ ಸೋಪು ಹಚ್ಚಿದ. ಆಮೇಲೆ ಬಗ್ಗಿ ಮೂಗು, ತುಟಿ ತೊಳೆದುಕೊಂಡ. ಹೆಂಡತಿ ಪಕ್ಕದಲ್ಲಿ ನಿಂತು ತನ್ನ ಸರದಿಗೆ ಕಾಯುತ್ತಿದ್ದಳು.

ಸತ್ತು ಮುನ್ನೂರು ವರ್ಷವಾದವರ ಬೆವರಾದರೆ ಗಂಧ. ಗುಳೇದಗುಡ್ಡದ ಜೀವಂತ ಹೆಂಗಸಿನದಾದರೆ ಸೋಪು.

ಅಂಗಡಿಯವನ ಮೇಲೆ, ನನ್ನ ಮೇಲೆ ಅಷ್ಟು ದಿನ ಆಗಿದ್ದ ಹೇಸಿಗೆಯೆಲ್ಲ ಸೇರಿ ಆ ಹೊತ್ತಿನಲ್ಲಿ ಆ ಸಿಂಕಿನ ಮೇಲೆ ಬಂದು ನಿಂತಿತು. ಇವನಿಗೆ ನಿಜ ಹೇಳಿ ಉಪಕಾರ ಮಾಡುತ್ತೇನೆ ಎಂದು ಎರಡು ಗಾಡಿ ಹತ್ತಿ ಬಂದಿದ್ದೆನಲ್ಲ.

ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, "ನಾನು ಅಂಗಡಿಗೆ ಫೋನ್ ಮಾಡ್ತೀನಿ. ಒಂದು ವಿನಂತಿ. ನಮ್ಮ ಟೀ ಬಳಗದವರಿಗೆ ಈ ವಿಷಯ ಗೊತ್ತಾಗೋದು ಬೇಡ. ಅವರಿಗೆಲ್ಲ ತೋರಿಸಿಬಿಟ್ಟಿದ್ದೀನಿ," ಎಂದ.

"ಅವರೂ ಮೂಸಿದರಾ?" ಎಂದು ಕೇಳಿದೆ.

ಅವನು ಟವೆಲನ್ನು ನಾಲ್ಕಾಗಿ ಮಡಿಸತೊಡಗಿದ.

"ಸಂಚಿ ನನಗೆ ಕೊಡಿ."

"ತಗೊಳ್ಳಿ, ತಗೊಳ್ಳಿ." ತಾನು ಮುಟ್ಟಲಿಲ್ಲ. ಹೆಂಡತಿ ಬ್ರೆಡ್ಡು ಬಂದಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಇಟ್ಟಳು. ನಾನು ಕುಡಿಕೆಯನ್ನು ಹೊರಗೆ ತೆಗೆದು ಬಿಳಿ ಬಟ್ಟೆಯ ಮೇಲೆ ಬರಿಮೈಯಲ್ಲಿ ನಿಲ್ಲಿಸಿ, ಅತ್ತಿಯ ಖಣವನ್ನು ನನ್ನ ಸ್ವೆಟರಿನ ಕೆಳಗೆ ಎದೆಗೆ ಇಟ್ಟುಕೊಂಡೆ. ಪ್ಲಾಸ್ಟಿಕ್ ಚೀಲ ಅಲ್ಲೇ ಬಿಟ್ಟೆ.

ಲೈಡನ್ ತಲುಪುವ ಮೊದಲೇ ಅಂಗಡಿಯವನ ಮೆಸೇಜು ಬಂತು. ಇನ್ನು ಬರುವುದು ಬೇಡ, ನಿಮ್ಮ ಕತ್ತರಿ ಇಲ್ಲಿದೆ, ಅಂಚೆಯಲ್ಲಿ ಕಳಿಸುತ್ತೇನೆ ಎಂದಿತ್ತು. ಕಳಿಸಿದ. ಚೆನ್ನಾಗಿ ಪ್ಯಾಕ್ ಮಾಡಿ ಕಳಿಸಿದ್ದ. ಕುಡಿಕೆಯನ್ನು ಅವನು ವಾಪಸು ತೆಗೆದುಕೊಂಡಿರಬೇಕು. ತಿಂಗಳೆರಡು ಕಳೆದಮೇಲೆ ಅವನ ವೆಬ್‌ಸೈಟಿನಲ್ಲಿ ಅದೇ ಕುಡಿಕೆ, ಅದೇ ಪೆಟ್ಟಿಗೆ ಕಂಡವು. ಮುಚ್ಚಳ ಬೇರೆ. ಸಂಚಿ ಯಾರದೋ ನೀಲಿ ಬಟ್ಟೆ. ಹೊಲಿಗೆ ಒರಟಾಗಿತ್ತು, ಮೂರು ಕುಣಿಕೆ ಒಂದು ಅಳತೆಯವಲ್ಲ. ಅದನ್ನು ಕಂಡು ನನಗೆ ಒಂದು ಕ್ಷಣ ಖುಷಿಯಾಯಿತು, ನಾನಿದ್ದರೆ ಹೀಗೆ ಬಿಡುತ್ತಿರಲಿಲ್ಲ ಎಂದು. ಆ ಖುಷಿಗೆ ನಾನು ಇನ್ನೂ ನನ್ನನ್ನು ಕ್ಷಮಿಸಿಕೊಂಡಿಲ್ಲ.

ಸಂಚಿಯನ್ನು ಅಂಟುವಾಳದ ನೀರಿನಲ್ಲಿ ಎಷ್ಟು ಸಲ ಅದ್ದಿದರೂ ಚಹಾದ ಬಣ್ಣ ಬಿಡಲಿಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಸಂಚಿಯನ್ನು ಅತ್ತಿಯ ಕೈಗೆ ಕೊಟ್ಟೆ. ಅವಳು ಕನ್ನಡಕ ಏರಿಸಿಕೊಂಡು ಹೊಲಿಗೆಯನ್ನೇ ಬಹಳ ಹೊತ್ತು ನೋಡಿದಳು. "ಛಲೋ ಹೊಲದಿ," ಎಂದಳು. ಹಾಗೆಂದು ಹೊಲಿಗೆಯೆಲ್ಲ ಬಿಚ್ಚಿ, ಬಟ್ಟೆ ಚಪ್ಪಟೆ ಮಾಡಿ, ಹಳೇ ಬಟ್ಟೆಗಳನ್ನು ಕೂಡಿಸಿ ಹೊಲಿಯುತ್ತಿದ್ದ ಕೌದಿಯ ಮೂಲೆಗೆ ತೇಪೆ ಹಾಕಿದಳು. ಎಲ್ಲ ಸೇರಿ ಅರ್ಧ ತಾಸು ಆಯಿತು. ನನ್ನ ಒಂಬತ್ತು ದಿನದ ಕೆಲಸ.

ಅಂಗಡಿಯವನು ಆಮರ್ಸ್‌ಫೋರ್ಟಿನಲ್ಲೇ ಇದ್ದಾನೆ. ಹೋದ ತಿಂಗಳು ಶನಿವಾರದ ಸಂತೆಯಲ್ಲಿ ಚೀಸಿನ ಅಂಗಡಿಯ ಮುಂದೆ ಎದುರಾದ. ಟೋಪಿ ಮುಟ್ಟಿ ನಮಸ್ಕಾರ ಹೇಳಿ, ಹಳೇ ಸ್ನೇಹಿತರ ಹಾಗೆ ಪಕ್ಕಕ್ಕೆ ಬಂದು ನಿಂತ.

"ಒಳ್ಳೇ ಕುಡಿಕೆಯೊಂದು ಬಂದಿದೆ. ನಿಮ್ಮಂಥ ಕೈ ಸಿಗ್ತಾ ಇಲ್ಲ. ಯೋಚನೆ ಮಾಡಿ," ಎಂದ.

"ನೇ," ಎಂದೆ. ಇಲ್ಲ ಅನ್ನಲು ಡಚ್ಚಿನಲ್ಲಿ ಅಷ್ಟೇ ಇರುವುದು. ಅವನು ತಲೆಯಾಡಿಸಿ ತನ್ನ ಸರದಿ ಬಂದಿತೆಂದು ಚೀಸಿನ ಕಡೆ ತಿರುಗಿ, ರುಚಿ ನೋಡಲು ಕೊಟ್ಟ ತುಂಡನ್ನು ಬಾಯಿಗೆ ಹಾಕಿಕೊಂಡ. ನನಗೂ ಚೀಸು ಕೊಳ್ಳುವುದಿತ್ತು. ಕೊಳ್ಳದೆ ಮನೆಗೆ ಬಂದೆ.